ಮುಖ ಸವೆದ ಕಾಸು

"ಪಾತ್ರೆ ತಿಕ್ಕೋ ಕೈಗೆ ನಾಣ್ಯ ಕೊಟ್ಟಿದ್ದು ನನ್ನದೇ ತಪ್ಪು ಬಿಡಿ," ಎಂದರು ಯಜಮಾನರು, ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವ ಹಾಗೆ. "ತಾಮ್ರದ ಕಾಸಿನ ಮೇಲೆ ವರ್ಷಗಟ್ಟಲೆ ಕೂತ ಕಪ್ಪೇ ಅದರ ಬೆಲೆ. ಈ ಮಹಾನುಭಾವ ನಿಂಬೆಹುಳಿ ಹಾಕಿ ತಿಕ್ಕಿ ಥಳಥಳ ಅನ್ನಿಸಿದಾನೆ! ಸ್ಕೂಲಿನ ಮೆಟ್ಟಿಲಿಳಿದು ಓಡಿಬಂದ ತಲೆ, ಇನ್ನೇನು ಇರುತ್ತೆ ಅದರಲ್ಲಿ?"

ಗಿರಾಕಿಗಳು ನಕ್ಕರು. ಹರಟೆ ಹೊಡೆಯಲು ಬಂದಿದ್ದ ಪಕ್ಕದ ಮಳಿಗೆಯ ಗಡಿಯಾರ ರಿಪೇರಿಯವನು ಎಲ್ಲರಿಗಿಂತ ಜೋರಾಗಿ ನಕ್ಕ. ಹುಡುಗನ ಕಿವಿ ಕಾದ ತಗಡಿನಂತಾಯಿತು. ಸಣ್ಣದಕ್ಕೂ ಸಿಡಿಯುತ್ತಾನೆಂದು ಅವನನ್ನು ಎಲ್ಲರೂ ಕಿಡಿ ಎಂದೇ ಕರೆಯುತ್ತಿದ್ದರು. ಹಳೆಯ ಚಿಲ್ಲರೆ ನಾಣ್ಯ ಗುರುತಿಸಿ ಬೆಲೆ ಕಟ್ಟುವುದನ್ನು ಕಲಿಯಲು ಆ ಅಂಗಡಿಗೆ ಹೊಸದಾಗಿ ಸೇರಿದ್ದ.

"ಇನ್ನೊಂದು ಮಾತು. ಮೇಲಿನ ಹಲಗೆಯ ಆ ತಗಡಿನ ಡಬ್ಬಿಗೆ ಮಾತ್ರ ಕೈ ಹಾಕಬೇಡ. ಅದರಲ್ಲಿರೋದು ಮಾಟದ ಕಾಸು."

ನಗು ಕತ್ತರಿಸಿದಂತೆ ನಿಂತಿತು. ಯಜಮಾನರು ದನಿ ತಗ್ಗಿಸಿದರು. "ಯಾವನೋ ಒಬ್ಬ ಕಟ್ಟಿಕೊಂಡ ಹೆಂಡತೀನ ನಾಲ್ಕು ಜನರ ಮುಂದೆ 'ಇವಳು ಯಾರೋ ನಂಗೊತ್ತಿಲ್ಲ' ಅಂದು, ಭಿಕ್ಷೆ ಹಾಕಿದ ಹಾಗೆ ಆ ಕಾಸು ಎಸೆದನಂತೆ. ಅವಳು ಮಾಟ ಮಾಡಿಸಿದಳು. ಕಾಸಿನ ಮೇಲಿದ್ದ ರಾಜನ ಮುಖ ಅಳಿಯೋವರೆಗೂ ಹೆಬ್ಬೆರಳಲ್ಲಿ ಉಜ್ಜಿದಳು. ಅದರಲ್ಲಿ ಮುಖ ಹುಡುಕಿದವನ ಮುಖ ಅದಕ್ಕೇ ಹೋಗುತ್ತೆ. ನಮ್ಮಣ್ಣ ಹುಡುಕಿದ. ಆಮೇಲೆ ಅವನನ್ನ ಯಾರೂ ಗುರುತು ಹಿಡೀಲಿಲ್ಲ."

"ಅಂಗಡೀಲಿ ಪಾಲು ಕೇಳಿರ್ಬೇಕು ಯಜಮಾನ್ರೇ," ಅಂದ ಕಿಡಿ. "ಪಾಲು ಕೇಳೋ ಅಣ್ಣನ್ನ ಯಾರು ತಾನೇ ಗುರುತು ಹಿಡೀತಾರೆ?"

ಈ ಸಲ ಯಾರೂ ನಗಲಿಲ್ಲ.

ಕಿಡಿಗೆ ಯಜಮಾನರ ಕಸುಬು ಚೆನ್ನಾಗಿ ಗೊತ್ತಿತ್ತು. ಯಾರಾದರೂ ಮುದುಕಿ ಗಂಟು ಬಿಚ್ಚಿದರೆ, "ಸವೆದುಹೋಗಿದೆ ತಾಯಿ, ತೂಕಕ್ಕೆ ಹಾಕ್ಬೇಕಷ್ಟೆ" ಎಂದು ಮುಖ ಸಣ್ಣಗೆ ಮಾಡುತ್ತಿದ್ದರು. ಆಕೆ ಮೆಟ್ಟಿಲಿಳಿಯುವಷ್ಟರಲ್ಲಿ ಅದೇ ನಾಣ್ಯ ಗಾಜಿನ ಪೆಟ್ಟಿಗೆಯ ಮಖಮಲ್ಲಿನ ಮೇಲೆ ಮಲಗಿರುತ್ತಿತ್ತು. ಇಂಥ ಮನುಷ್ಯ ಒಂದು ಡಬ್ಬಿಗೆ ದೆವ್ವವನ್ನು ಕಾವಲಿಟ್ಟಿದ್ದಾನೆಂದರೆ ಒಳಗಿರುವುದು ಸಾಮಾನ್ಯ ಮಾಲಲ್ಲ. ಸಂಬಳ ಕೇಳದ ಕಾವಲುಗಾರ ಬೇರೆ!

ಅದು ಏನೆಂದು ತಾನೇ ಗುರುತಿಸಿ, ಇದೇ ಗಿರಾಕಿಗಳ ಮುಂದೆ ಹೇಳಬೇಕು. ಅಕ್ಕನ ಕಿವಿಗೂ ಬೀಳಬೇಕು. ಅವನು ಸ್ಕೂಲು ಬಿಟ್ಟಾಗ ನೆಂಟರೆಲ್ಲ ಕೈಬಿಟ್ಟರೂ, ಹೊಲಿಗೆ ಯಂತ್ರ ತುಳಿದು ಸಾಕಿದವಳು ಅಕ್ಕ. ಈ ಕೆಲಸಕ್ಕಾಗಿ ಯಜಮಾನರ ಮುಂದೆ ಕೈಮುಗಿದು ನಿಂತವಳೂ ಅವಳೇ. ಜಗತ್ತಿನಲ್ಲಿ ಅವನು ಸಿಟ್ಟಾಗದ ಜೀವ ಅದೊಂದೇ.

ಮಧ್ಯಾಹ್ನ ಯಜಮಾನರು ಊಟಕ್ಕೆ ಹೋದರು. ಕಿಡಿ ಷಟರ್ ಅರ್ಧ ಎಳೆದ. ಬೀದಿಯ ಬೆಳಕು ಹೊಸ್ತಿಲಲ್ಲೇ ಕುಕ್ಕರಿಸಿತು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಬೆವತ ಮುಷ್ಟಿಯ ವಾಸನೆ, ಅದರ ಹಿಂದೆಯೇ ಸುಟ್ಟ ಕೂದಲಿನ ವಾಸನೆ. ಹತ್ತಿಯ ಮೇಲೆ ಒಂದೇ ಒಂದು ಕಾಸು. ಗಾತ್ರ ನೋಡಿದರೆ ಎಲ್ಲಕ್ಕಿಂತ ಚಿಕ್ಕ ಬೆಲೆಯದು. ಯಾರೋ ಈಗಷ್ಟೇ ಕೈಬಿಟ್ಟಂತೆ ಬೆಚ್ಚಗಿತ್ತು.

"ನಾಟಕ," ಎಂದು ಗೊಣಗಿ ಅಂಚಿನಲ್ಲಿ ಹಿಡಿದೆತ್ತಿದ.

ಎರಡೂ ಬದಿ ಬೋಳು. ಇಸವಿಯಿಲ್ಲ, ಅಕ್ಷರವಿಲ್ಲ. ದೀಪದ ಕೆಳಗೆ ಓರೆಯಾಗಿ ತಿರುಗಿಸಿದ. ಏನೂ ಕಾಣಲಿಲ್ಲ. ಸವೆದ ನಾಣ್ಯದ ಮೇಲೆ ಉಸಿರು ಬಿಟ್ಟರೆ ಆವಿ ಆರುವ ಮುನ್ನ ಅಳಿದ ಗೆರೆ ಕ್ಷಣಹೊತ್ತು ತೋರುವುದುಂಟು. ಹತ್ತಿರ ತಂದು ಹಾ ಎಂದು ಊದಿದ.

ಒಂದು ಕಿವಿ ಮೂಡಿತು.

ಆವಿ ಆರಿತು. ಕಿವಿ ಆರಲಿಲ್ಲ.

ಮತ್ತೆ ಊದಿದ. ಗಲ್ಲ. ಮತ್ತೆ. ಮೂಗು. ಕಿರೀಟ ಮಾತ್ರ ಮೂಡಲಿಲ್ಲ. ಯಾವ ರಾಜ ಇವನು? ಆಸೆಗೆ ಅಂಗೈ ಒದ್ದೆಯಾಯಿತು. ಗೋಡೆಯಾಚೆ ರಿಪೇರಿಯವನ ಗಡಿಯಾರಗಳು ಟಿಕಟಿಕ ಎನ್ನುತ್ತಿದ್ದವು. ಕಾಸನ್ನು ಪುಟ್ಟ ತಕ್ಕಡಿಯಲ್ಲಿಟ್ಟ. ಸವೆದದ್ದು ಹಗುರವಾಗಿರಬೇಕಿತ್ತು. ತಟ್ಟೆ ಧಡಕ್ಕನೆ ಕೆಳಗೆ ಕೂತಿತು.

ಭೂತಗನ್ನಡಿ ಹಿಡಿದು ಇನ್ನೊಮ್ಮೆ ಊದಿದ. ಹುಬ್ಬು ಮೂಡಿತು. ಹುಬ್ಬನ್ನು ಸೀಳಿದ ಗಾಯದ ಗೆರೆ.

ಚಿಕ್ಕಂದಿನಲ್ಲಿ ಗೋಡೆಯಿಂದ ಬಿದ್ದು ಅವನಿಗಾದ ಗಾಯ ಅದು. ಕೈ ಹುಬ್ಬಿಗೆ ಹೋಯಿತು. ಗೆರೆಯಿಲ್ಲ. ಹುಬ್ಬೂ ಇಲ್ಲ. ಬೆರಳು ಜಾರಿತು. ಗಾಜಿನ ಪೆಟ್ಟಿಗೆಯತ್ತ ಬಗ್ಗಿದ. ಗಾಜಿನಲ್ಲಿ ಅಂಗಿಯಿತ್ತು. ಕುತ್ತಿಗೆಯಿತ್ತು. ಅದರ ಮೇಲೆ, ಕೈಯಿಂದ ಕೈಗೆ ಹೋಗಿ ಸವೆದ ಕಾಸಿನಂಥದ್ದೊಂದು. ಕಣ್ಣಿನ ಜಾಗದಲ್ಲಿ ಎರಡು ತಗ್ಗು.

ಷಟರಿನಡಿ ತೂರಿ ಹೊರಬಿದ್ದ. ರಿಪೇರಿಯವನು ತಲೆಯೆತ್ತಿದ. "ಏನ್ ಸ್ವಾಮಿ, ಗಡಿಯಾರ ಕೊಡೋದಿತ್ತಾ?"

"ನಾನು ಕಣೋ!"

"ನಾನು ಅಂದ್ರೆ?"

ಅಷ್ಟರಲ್ಲಿ ಯಜಮಾನರು ಬಂದರು. ಅವನ ಅಂಗಿ ನೋಡಿದರು. ಮುಖ ನೋಡಲಿಲ್ಲ. ತಟ್ಟನೆ ಕಣ್ಣು ನೆಲಕ್ಕಿಳಿಸಿದರು.

"ಊದಿದೆಯಾ? ಅಯ್ಯೋ ಪಾಪಿ, ಹೇಳಿದ್ದೆನಲ್ಲೋ! ನಿನ್ನವರ ಹತ್ರ ಮಾತ್ರ ಹೋಗಬೇಡ. ನಿನ್ನಲ್ಲಿ ನಿನ್ನ ಮುಖ ಹುಡುಕಿದವರ ಮುಖಾನೂ ಅಳಿಯುತ್ತೆ. ಅಣ್ಣನ್ನ ಹುಡುಕಿ ಹುಡುಕಿ ನಮ್ಮಮ್ಮ ಹಾಗೇ ಹೋದ್ಲು."

"ಸುಳ್ಳು!" ಕಿಡಿ ಕಿರುಚಿದ. "ಇದೂ ಸುಳ್ಳು! ಏನೋ ಪುಡಿ ಹಚ್ಚಿಟ್ಟಿದ್ದೀಯ ಅದಕ್ಕೆ!"

ಓಡಿದ. ಎದುರು ಬಂದವರ ನೋಟ ಅವನ ಮೇಲೆ ನಿಲ್ಲದೆ ಜಾರಿಹೋಗುತ್ತಿತ್ತು. ಅಕ್ಕ ಗುರುತು ಹಿಡಿಯುತ್ತಾಳೆ. ಕತ್ತಲಲ್ಲಿ ಕೆಮ್ಮಿದರೂ ಹಿಡಿಯುತ್ತಾಳೆ. ಅವಳು ಹಿಡಿದರೆ ಸಾಕು.

ಬಾಗಿಲು ತೆರೆದಿತ್ತು. ಯಂತ್ರದ ಸದ್ದು ನಿಂತಿತು. ಮಷೀನ್ ಎಣ್ಣೆಯ, ಹೊಸ ಬಟ್ಟೆಯ ವಾಸನೆ. ಅಕ್ಕ ಕತ್ತೆತ್ತಿದಳು.

"ಯಾರು ಬೇಕಿತ್ತು?"

ಅವನು ಬಾಯಿ ತೆರೆದ.

"ನಿಲ್ಲಿ ನಿಲ್ಲಿ. ಎಲ್ಲೋ ನೋಡಿದ ಹಾಗಿದೆ ನಿಮ್ಮನ್ನ." ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು ಹೊಸ್ತಿಲಿಗೆ ಬಂದಳು. ಕಣ್ಣು ಕಿರಿದು ಮಾಡಿ ಅವನಲ್ಲಿ ಹುಡುಕತೊಡಗಿದಳು.

ಅವಳ ಮೂಗಿನ ಪಕ್ಕದ ಮಚ್ಚೆ ಮಸುಕಾಯಿತು. ಬಲಹುಬ್ಬು ತೆಳುವಾಯಿತು. ಅವಳಿಗೆ ಗೊತ್ತೇ ಆಗಲಿಲ್ಲ. ಅವನು ಸರಕ್ಕನೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಯಾಕಪ್ಪಾ? ಏನಾಯ್ತು? ಒಂದು ಮಾತಾಡಿ, ದನಿ ಕೇಳಿದ್ರೆ ಗೊತ್ತಾಗುತ್ತೆ ನಂಗೆ. ಯಾರು ನೀವು?"

ಅಕ್ಕಾ ಎಂಬುದು ಗಂಟಲವರೆಗೆ ಬಂದಿತ್ತು. ತಮ್ಮನೆಂದು ತಿಳಿದರೆ ಈ ಮುಖದಲ್ಲಿ ಅವನನ್ನು ಹುಡುಕುವುದನ್ನು ಅವಳು ಸಾಯುವತನಕ ಬಿಡುವವಳಲ್ಲ.

ಹಲ್ಲು ಕಚ್ಚಿದ. ತಿರುಗಿದ.

ಅವಳು ಹಿಂದಿನಿಂದ ಇನ್ನೊಮ್ಮೆ ಕೇಳಿದಳು. ಅವನು ಬೀದಿಯ ತಿರುವಿನತ್ತ ನಡೆಯುತ್ತಲೇ ಇದ್ದ.