ಲಸಿಕೆಯಿಲ್ಲದ ಗುರುವಾರ

“ಐದು ಮಕ್ಕಳಿಗೂ ನಿಮ್ಮದೇ ಫೋನ್ ನಂಬರ್! ಎಷ್ಟು ಜನ ರೀ ನಿಮಗೆ ಹೆಂಡ್ತೀರು?”

ಆರೋಗ್ಯ ಕೇಂದ್ರದ ನರ್ಸ್ ಯಶೋದ ರಿಜಿಸ್ಟರಿನಿಂದ ತಲೆಯೆತ್ತಿ ಕೇಳಿಯೇಬಿಟ್ಟಳು. ಬಾಗಿಲಲ್ಲಿದ್ದ ಫಾರೆಸ್ಟ್ ವಾಚರ್ ಮಾದೇಶನಿಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಹಿಂದೆ ಕೂಸು ಎತ್ತಿಕೊಂಡಿದ್ದ ತಾಯಂದಿರು ಕಿಸಕ್ಕನೆ ನಕ್ಕರು.

“ಒಬ್ಳೂ ಇಲ್ಲ ಕಣ್ರಿ ನರ್ಸಮ್ಮ... ನಮ್ ಪೋಡಲ್ಲಿ ಸಿಗ್ನಲ್ ಸಿಗಾಕಿಲ್ಲ. ನಾನು ಡ್ಯೂಟಿಗೆ ಚೆಕ್‌ಪೋಸ್ಟ್‌ಗೆ ಓಯ್ತೀನಲ್ಲ, ಅದ್ಕೇ ಎಲ್ರೂ ನನ್ ನಂಬರೇ ಕೊಟ್ಟವ್ರೆ.”

ಅಂದಿನಿಂದ ಲಸಿಕೆಯ ಗುರುವಾರದ ಹಿಂದಿನ ದಿನ ಯಶೋದಳ ಮೆಸೇಜ್ ಹೋಗುತ್ತಿತ್ತು. ‘ನಾಳೆ ಬನ್ನಿ.’ ಉತ್ತರ ಒಂದೇ. ‘ಆಯ್ತು.’

ಮರುದಿನ ಬಿಳಿಗಿರಿ ಬೆಟ್ಟದ ಕಾಡೊಳಗಿನ ಪೋಡು ಎಂಬ ಆ ಪುಟ್ಟ ಹಾಡಿಯಿಂದ ಐದೂ ಕೂಸುಗಳನ್ನು ತಾಯಂದಿರೊಡನೆ ಅವನೇ ಕರೆತರುತ್ತಿದ್ದ. ಸೂಜಿಗೆ ಅತ್ತ ಕೂಸನ್ನು ಎದೆಗವುಚಿ ಸಮಾಧಾನ ಮಾಡುತ್ತಿದ್ದ. ಯಶೋದಳ ಮನಸ್ಸು ಅಲ್ಲೇ ಕೈಜಾರಿತ್ತು, ಪಾಪ!

ಮೂರೂವರೆ ತಿಂಗಳ ಲಸಿಕೆ ಮುಗಿಯಿತು. ಮುಂದಿನದು ಕೂಸುಗಳಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ!

ಅಲ್ಲಿಯವರೆಗೆ ಯಾವ ನೆಪದಲ್ಲಿ ಮೆಸೇಜ್ ಹಾಕಲಿ? ಗುರುವಾರಗಳು ಬಂದವು, ಹೋದವು. ಬಾಗಿಲಲ್ಲಿ ನೆರಳು ಆಡಿದರೆ ಸಾಕು, ತಟ್ಟನೆ ತಲೆಯೆತ್ತುತ್ತಿದ್ದಳು... ಅವನಲ್ಲ. ಯಳಂದೂರಿನ ಬಾಡಿಗೆ ಕೋಣೆಯಲ್ಲಿ ಅನ್ನ ಕಲಸಿದ ಕೈ ಹಾಗೇ ಒಣಗುತ್ತಿತ್ತು. ಹಳೆಯ ‘ಆಯ್ತು’ಗಳನ್ನೇ ಮತ್ತೆ ಮತ್ತೆ ಓದಿದಳು.

ಮೂರನೆಯ ತಿಂಗಳು ತಡೆಯಲಾಗಲಿಲ್ಲ. ಒಂದು ಬುಧವಾರ ಕಣ್ಣು ಮುಚ್ಚಿ ಕಳಿಸಿಯೇಬಿಟ್ಟಳು. ‘ನಾಳೆ ಬನ್ನಿ.’

‘ಆಯ್ತು.’

ಮರುದಿನ ಮಲ್ಲಿಗೆ ಮುಡಿದು ಬಾಗಿಲಿಗೆ ಬಂದವಳು ಕಲ್ಲಾದಳು. ಮಾದೇಶ ಬಂದಿದ್ದ... ಜೊತೆಗೆ ಐವರು ತಾಯಂದಿರು, ಐದು ಕೂಸು, ಪೋಡಿನ ಹಿರಿಯಜ್ಜಿ ಬೊಮ್ಮಮ್ಮ! ನರ್ಸಮ್ಮನ ಮೆಸೇಜ್ ಬಂತೆಂದರೆ ಕೂಸು ಎತ್ತಿಕೊಂಡು ಹೊರಡುವುದು ಪೋಡಿನ ರೂಢಿಯಾಗಿಬಿಟ್ಟಿತ್ತು. ಕೂಲಿ ಬಿಟ್ಟು, ಆನೆ ಓಡಾಡುವ ದಾರಿಯಲ್ಲಿ ನಡೆದು ಬಂದಿದ್ದರು.

ಸುಮ್ಮನೆ ತೂಕ ನೋಡಿ ಕಳಿಸಿಬಿಡಲೇ? ಸುಳ್ಳೆಂದು ಗೊತ್ತಾದರೆ ಇನ್ನು ತನ್ನ ಮೆಸೇಜ್ ನಂಬಿ ಯಾರೂ ಬರಲಾರರು. ನಿಜ ಹೇಳಿದರೆ... ಅವನೇ ಬಾರದಿದ್ದರೆ?

“ಇವತ್ತು ಸೂಜಿ ಇಲ್ಲಮ್ಮ. ತಪ್ಪು ನನ್ನದು... ಆ ಮೆಸೇಜು ಮಕ್ಕಳಿಗಲ್ಲ.” ಕಣ್ಣು ತುಂಬಿತು.

“ಮತ್ಯಾರ್ಗವ್ವಾ?” ಬೊಮ್ಮಮ್ಮ ಅವಳ ಮಲ್ಲಿಗೆ ನೋಡಿದಳು, ಮಾದೇಶನನ್ನು ನೋಡಿದಳು. “ಲೇ ಮಾದೇಶ, ನಿನ್ಗೆ ಕಣ್ಲಾ! ನಡೀರವ್ವಾ, ಆಚೆ ನೆಳ್ಳಲ್ಲಿ ಕೂತ್ಕಳಾನ.”

ಒಳಗೆ ಇಬ್ಬರೇ ಉಳಿದರು.

“ಬಯ್ಯಿರಿ” ಎಂದಳು.

“ಯಾಕ್ ಬೈಲಿ? ಪ್ರತಿ ಬುಧ್ವಾರ ಡ್ಯೂಟಿ ಮುಗುದ್ರೂ ಚೆಕ್‌ಪೋಸ್ಟಲ್ಲೇ ಕೂತಿರ್ತಿದ್ದೆ... ನಿಮ್ದೇನಾರ ಬತ್ತದೇನೋ ಅಂತ.”

“ನೀವೇ ಒಂದು ಕಳಿಸಬಾರದಿತ್ತಾ?”

“ಧೈರ್ಯ ಸಾಕಾಗ್ನಿಲ್ಲ.” ಅವನು ಮೊದಲ ಸಲ ನೇರ ಅವಳ ಕಣ್ಣು ನೋಡಿದ. “ಕೊಳ್ಳೇಗಾಲದ ನಿಮ್ ಮನೆಗೆ ಬಂದು ನಿಮ್ಮಪ್ಪಾರನ್ನ ಕೇಳ್ಲಾ?”

ಯಶೋದ ಅಳುತ್ತಲೇ ನಕ್ಕಳು.

“ಬನ್ನಿ... ಅವತ್ತಾದ್ರೂ ಒಬ್ಬರೇ ಬನ್ನಿ!”