ಎರವಲು ತಂದ ಸೋಫಾ

"ಬಿಡ್ರೀ... ಬಿಡ್ರೀ ಅಂದ್ನಲ್ಲ, ನಾನು ಹಿಡ್ಕೋತೀನಿ!"

ಬಾಡಿಗೆ ಬೈಕಿನಿಂದ ಇಳಿದು ಓಡಿ ಬಂದವನ ಮುಖವನ್ನು ನಸಿಮಿಯು ಸರಿಯಾಗಿ ನೋಡಲೂ ಇಲ್ಲ. ನೋಡುವುದಾದರೂ ಹೇಗೆ? ತಲೆಯ ಮೇಲೆ ಮೂರು ಜನ ಕೂರುವ ಸೋಫಾ! ಮುಂದಿನ ತುದಿ ಅಮ್ಮನ ತಲೆಯ ಮೇಲೆ, ಹಿಂದಿನದು ಇವಳ ತಲೆಯ ಮೇಲೆ, ಕಾಲ ಕೆಳಗೆ ಕೀನ್ಯಾದ ಬುಂಗೋಮಾ ಸೀಮೆಯ ಕೆಂಪು ಕೆಸರು. ಇನ್ನೇನು ಜಾರಿ ಬಿದ್ದಳು ಅನ್ನುವಷ್ಟರಲ್ಲಿ ಅವನ ಎರಡೂ ಕೈ ಸೋಫಾದ ಕೆಳಗಿದ್ದವು.

"ಏನ್ರೀ, ಯಾರ ಮದುವೆ?"

"ಮದುವೆ ಅಲ್ಲ. ನೆಂಟರು ಬರ್ತಿದಾರೆ."

"ಮನೇಲಿ ಸೋಫಾ ಇಲ್ವಾ?"

"ಇದ್ದಿದ್ರೆ ತಲೆ ಮೇಲೆ ಯಾಕೆ ಹೊರ್ತಿದ್ವಿ? ಮೇಷ್ಟ್ರ ಮನೇದು ಇದು. ತಮಾಷೆ ಮಾಡೋರು ಮುಂದೆ ಹೋಗಿ ಹಿಡ್ಕೊಳ್ಳಿ, ಅಮ್ಮಂಗೆ ಸುಸ್ತಾಗಿದೆ!"

ಅವನು ಜೋರಾಗಿ ನಕ್ಕ. ಅಮ್ಮನ ತಲೆಯಿಂದ ಭಾರ ಇಳಿಸಿಕೊಂಡು ತಾನೇ ಮುಂದೆ ನಡೆದ. ಮನೆ ಮುಟ್ಟಿದ ಮೇಲೆ ಅಮ್ಮ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕುಲುಕಿದಳು. "ನಿನ್ನ ಹೆತ್ತೋಳ ಹೊಟ್ಟೆ ತಣ್ಣಗಿರ್ಲಿ ಮಗಾ!"

ಆಗ ನಸಿಮಿಯು ಅವನ ಮುಖ ನೋಡಿದಳು. ಕೆನ್ನೆಗೆ ಕೆಸರು ಹತ್ತಿತ್ತು. ಕಣ್ಣು ನಗುತ್ತಿತ್ತು. *ಇವನ ಹೆಸರೇನು ಅಂತ ಕೇಳಲೇ ಇಲ್ಲವಲ್ಲ...* ಅಂದುಕೊಳ್ಳುವಾಗಲೇ ಅಂಗಳದಲ್ಲಿ ಕಾರು ನಿಂತಿತು.

ಕಾರಿನಿಂದ ಇಳಿದ ಹೆಂಗಸು ಅವನನ್ನು ನೋಡಿ ಅಂದರು, "ಸಿತಾತಿ, ನನಗಿಂತ ಮುಂಚೆ ಬಂದ್ಬಿಟ್ಯಾ?"

ನಸಿಮಿಯು ತಟ್ಟನೆ ಅಮ್ಮನ ಕಡೆ ತಿರುಗಿದಳು. ಇವರೇ! ಆ ನೆಂಟರು ಇವರೇ!

ಬಂದವರು ಕಾಕಾಯಿ ಮೇಡಂ. ಚೆನ್ನಾಗಿ ಓದುವ ಬಡ ಮಕ್ಕಳಿಗೆ ಹೈಸ್ಕೂಲು ಮುಗಿಯುವವರೆಗೂ ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲಾ ಕೊಡುವ ಟ್ರಸ್ಟಿನವರು. ಸಿತಾತಿ ಅವರ ಜೊತೆ ಮನೆಗಳನ್ನು ನೋಡಿ ಆರಿಸುವ ಕೆಲಸದವನು. ನಸಿಮಿಯುವಿನ ತಂಗಿ ನಾಂಜಾಲಾ ಪರೀಕ್ಷೆಯಲ್ಲಿ ಇಡೀ ಶಾಲೆಗೇ ಮೊದಲು ಬಂದಿದ್ದಳು. ಮನೆ ನಿಜಕ್ಕೂ ಬಡವರದ್ದೇ ಅಂತ ಕಣ್ಣಾರೆ ನೋಡಿದ ಮೇಲೆ ಟ್ರಸ್ಟು ಹೂಂ ಅನ್ನಬೇಕು, ಅಷ್ಟೇ. ಯಾವ ದಿನ ಬರುತ್ತೇವೆಂದು ಮುಂಚೆಯೇ ಹೇಳಿ ಕಳಿಸುವುದು ಅವರ ರೂಢಿ.

ಬಡತನ ನೋಡಲು ಬರುವವರಿಗೆ ಸೋಫಾ ಯಾಕೆ ಅಂತ ಕೇಳುತ್ತೀರಾ? ಹಾಗೆ ಕೇಳಿದರೆ ನಮ್ಮ ಕಡೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ! ಹೊಸಿಲು ದಾಟಿ ಬಂದವರು ಯಾರೇ ಆಗಲಿ ಅತಿಥಿಗಳು. ಕೋಳಿ ಕೊಯ್ಯಬೇಕು, ಒಳ್ಳೆ ಕಡೆ ಕೂರಿಸಬೇಕು.

ನಸಿಮಿಯು ಬೆಳಿಗ್ಗೆಯೇ ಅಮ್ಮನ ಜೊತೆ ಜಗಳ ಆಡಿದ್ದಳು. "ಅಮ್ಮಾ, ನಮ್ಮ ಹತ್ರ ಏನೂ ಇಲ್ಲ ಅನ್ನೋದನ್ನ ನೋಡೋಕೇ ಅವರು ಬರ್ತಿರೋದು!"

"ಏನೂ ಇಲ್ಲ ಅಂತ ನೆಲದ ಮೇಲೆ ಕೂರಿಸ್ಲಾ? ನಿಮ್ಮಪ್ಪ ಮಣ್ಣಿಂದ ಎದ್ದು ಬಂದು ಬೈತಾರೆ ನಂಗೆ!"

ಈಗ ಕಾಕಾಯಿ ಮೇಡಂ ಮೇಷ್ಟ್ರ ಮನೆ ಸೋಫಾದ ಮೇಲೆ ಕೂತಿದ್ದರು. ಬೆನ್ನಿಗೆ ಮೇಷ್ಟ್ರ ಹೆಂಡತಿ ಹೆಣೆದ ಬಿಳಿ ಕ್ರೋಶಾ ಬಟ್ಟೆ, ಎದುರಿಗೆ ಹಬೆಯಾಡುವ ಜೋಳದ ಹಿಟ್ಟಿನ ಮುದ್ದೆ ಉಗಾಲಿ, ಕೋಳಿ ಸಾರು.

"ಸೋಫಾ ಚೆನ್ನಾಗಿದೆಯಲ್ಲಮ್ಮ."

ಅಮ್ಮನ ಮುಖ ಅರಳಿತು. "ದೇವರು ಕೊಟ್ಟಿದಾನೆ ಮೇಡಂ. ಏನೂ ಕಮ್ಮಿ ಇಲ್ಲ."

*ಅಯ್ಯೋ ಅಮ್ಮಾ...*

ಸಿತಾತಿ ತಲೆ ಎತ್ತಿದ. ಏನೋ ಹೇಳಲು ಬಾಯಿ ತೆರೆದ. ನಸಿಮಿಯು ಗಾಬರಿಯಿಂದ ಅವನತ್ತ ನೋಡಿ ತಲೆ ಅಲ್ಲಾಡಿಸಿದಳು. *ಬೇಡ! ಅಮ್ಮನ ಎದುರಿಗೆ ಬೇಡ, ಅವಳು ನಾಚಿಕೆಯಿಂದ ಸತ್ತೇ ಹೋಗ್ತಾಳೆ!*

ಅವನಿಗೆ ಅರ್ಥವಾಯಿತು. ಬಾಯಿ ಮುಚ್ಚಿದ. ಮನೆಯ ಯಜಮಾನನಿಗೆ ಸಲ್ಲುವ ಕೋಳಿಯ ಕಂದನಕಾಯಿಯನ್ನು ಅಮ್ಮ ಅವನ ತಟ್ಟೆಗೇ ಹಾಕಿದಳು. ಅವನು ಅದನ್ನು ತಟ್ಟೆಯಲ್ಲೇ ಅತ್ತಿತ್ತ ಸರಿಸುತ್ತಾ ಕೂತ.

* * *

ಮಾರನೇ ವಾರ ಸಿತಾತಿ ಪೇಟೆಯಲ್ಲಿ ನಸಿಮಿಯುವಿನ ಹೊಲಿಗೆ ಯಂತ್ರದ ಮುಂದೆ ಬಂದು ನಿಂತ. ಅಂಗಿಯ ಗುಂಡಿ ಕಿತ್ತುಹೋಗಿತ್ತು. ಮತ್ತೊಂದು ದಿನ ಜೇಬು ಹರಿದಿತ್ತು. ಇನ್ನೊಂದು ದಿನ ಹರಿದದ್ದು ಏನೂ ಇರಲಿಲ್ಲ, ಸುಮ್ಮನೆ ಬಂದಿದ್ದ.

"ಗುಂಡಿನ ನೀವೇ ಕೀಳ್ತೀರೋ ಹೇಗೆ?"

"ಹಲ್ಲಲ್ಲಿ ಕಚ್ಚಿ ಕೀಳ್ತೀನಿ. ಕಷ್ಟ ಇದೆ ರೀ!"

ನಸಿಮಿಯು ನಕ್ಕು ನಕ್ಕು ಸೂಜಿ ಚುಚ್ಚಿಕೊಂಡಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದೇ ಇಲ್ಲ. ಫೀಸು ಕಟ್ಟಲಾಗದೆ ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟು ಬಂದವಳು ಅವಳು. ಅಂದಿನಿಂದ ಬೇರೆ ಹುಡುಗಿಯರ ಹೈಸ್ಕೂಲು ಲಂಗ ಹೊಲಿಯುವುದೇ ಕೆಲಸ. ಪ್ರತಿ ಲಂಗ ಮಡಿಸಿಡುವಾಗಲೂ ಒಂದೇ ಆಸೆ... ನಾಂಜಾಲಾಗೂ ಒಂದು ಹೊಲಿಯಬೇಕು.

ಆದರೆ ಟ್ರಸ್ಟಿನಿಂದ ಸುದ್ದಿ ಬಂತು. ನಾಂಜಾಲಾ ಆಯ್ಕೆಯಾಗಿಲ್ಲ. ಮನೆಯವರು ಅನುಕೂಲಸ್ಥರು!

ನಾಂಜಾಲಾ ಅಳಲಿಲ್ಲ. ಹಳೇ ಪುಸ್ತಕಗಳನ್ನೆಲ್ಲ ಜೋಡಿಸಿ ಕಟ್ಟಿ, "ಅಕ್ಕಾ, ನಂಗೂ ಹೊಲಿಗೆ ಕಲಿಸ್ಕೊಡ್ತೀಯಾ?" ಅಂದಳು.

ಅದೇ ಸಮಯಕ್ಕೆ ಕಾದಿದ್ದವನಂತೆ ಚಿಕ್ಕಪ್ಪ ವಾಬ್ವಿಲೆ ಬಂದ. ಜೋಳದ ಗಿರಣಿಯ ಮುಲೋಂಗೋ ಹೆಂಡತಿ ಸತ್ತು ಒಂಟಿಯಾಗಿದ್ದಾನೆ, ನಸಿಮಿಯುವನ್ನು ಕೊಟ್ಟರೆ ನಾಂಜಾಲಾಳನ್ನು ಓದಿಸುತ್ತಾನಂತೆ.

"ಅವನಿಗೆ ಏನು ಕಮ್ಮಿ ಹೇಳು? ಕುಡಿಯಲ್ಲ, ಹೊಡೆಯಲ್ಲ!"

ಮುಲೋಂಗೋ ಕೆಟ್ಟವನಲ್ಲ, ನಿಜ. ಕಷ್ಟ ಅದೇ ಆಗಿತ್ತು. ಕೆಟ್ಟವನಾಗಿದ್ದರೆ ಒಲ್ಲೆ ಅನ್ನಬಹುದಿತ್ತು. ಅಪ್ಪನ ವಯಸ್ಸಿನವನು ಅನ್ನುವುದು ಯಾರ ಕಿವಿಗೂ ಕಾರಣವೇ ಅಲ್ಲ. ಒಲ್ಲೆ ಅಂದರೆ ತಂಗಿಯ ಓದು ಹಾಳು. ಹೂಂ ಅಂದರೆ...

ಒಂದು ಸಂಜೆ ನೀರು ತರುವಾಗ ಮುಲೋಂಗೋನ ಬೈಕಿನ ಸದ್ದು ಕೇಳಿತು. ಅಮ್ಮ ಗಡಬಡಿಸಿ ತಲೆಯ ಮೇಲೆ ಬಟ್ಟೆ ಎಳೆದುಕೊಂಡು, ಕೊಡ ಅಲ್ಲೇ ಬಿಟ್ಟು, ಜೋಳದ ಹೊಲದೊಳಗೆ ಇಳಿದು ಮುಖ ತಿರುಗಿಸಿ ನಿಂತಳು.

ನಸಿಮಿಯು ಕೊಡ ಹಿಡಿದು ಅಲ್ಲೇ ನಿಂತುಬಿಟ್ಟಳು. ನಮ್ಮಲ್ಲಿ ಅತ್ತೆ ಅಳಿಯನ ಕೈ ಮುಟ್ಟುವುದಿಲ್ಲ, ದಾರಿಯಲ್ಲಿ ಎದುರಾಗುವುದೂ ಇಲ್ಲ. ಅದು ಅಳಿಯನಿಗೆ ಕೊಡುವ ಮರ್ಯಾದೆ.

*ಅಂದರೆ ಅಮ್ಮನ ಮನಸ್ಸಿನಲ್ಲಿ ಮುಗಿದೇ ಹೋಯಿತು...* ಎತ್ತ ತಿರುಗಿದರೂ ಗೋಡೆ.

ಮರುದಿನ ಸಿತಾತಿ ಅಂಗಡಿಗೆ ಬಂದಾಗ ಅವಳ ಸಿಟ್ಟೆಲ್ಲ ಒಡೆದು ಹೊರಬಂತು.

"ನಿಮಗೆ ಗೊತ್ತಿತ್ತಲ್ಲ! ನಿಮ್ಮ ಕೈಯಾರೆ ಹೊತ್ತಿದ್ರಲ್ಲ ಆ ಸೋಫಾನ!"

"ನೀವೇ ಬೇಡ ಅಂತ ತಲೆ ಆಡ್ಸಿದ್ರಿ..."

"ಅಮ್ಮನ ಮುಂದೆ ಬೇಡ ಅಂದೆ! ಆಮೇಲೆ? ಕಾರಲ್ಲಿ? ಆಫೀಸಲ್ಲಿ? ಬಾಯಿ ಬಿದ್ದುಹೋಗಿತ್ತಾ?"

ಸಿತಾತಿ ತಲೆ ತಗ್ಗಿಸಿದ. "ಕಾರಲ್ಲೇ ಶುರು ಮಾಡಿದೆ. 'ಏನೂ ಕಮ್ಮಿ ಇಲ್ಲ ಅಂತ ಮನೆಯೋರೇ ಹೇಳಿದ್ರು, ನೀನ್ಯಾಕೆ ವಕೀಲಿ ಮಾಡ್ತೀಯ' ಅಂದ್ರು ಮೇಡಂ. ನಿಮ್ಮಮ್ಮನ ಮುಖ ಕಣ್ಮುಂದೆ ಬಂತು. ಮಾತು ನಿಂತೋಯ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅನ್ಕೊಂಡೆ. ಅಷ್ಟರಲ್ಲಿ ನಾನು ಇಲ್ಲಿಗೆ ಬರೋದು ಮೇಡಂ ಕಿವಿಗೆ ಬಿತ್ತು. ಈಗ ನಾನೇನು ಹೇಳಿದ್ರೂ, ಹುಡುಗಿಗೋಸ್ಕರ ಹೇಳ್ತಾನೆ ಅಂತಾರೆ."

"ನನ್ನ ತಂಗಿ ಓದಿಗಿಂತ ನಿಮ್ಮ ಗುಂಡಿ ಹೆಚ್ಚಾಯ್ತಾ?"

"ನಸಿಮಿಯು..."

"ಹೆಸರು ಹಿಡೀಬೇಡಿ! ಶನಿವಾರ ಮುಲೋಂಗೋ ಕಡೆಯೋರು ನನ್ನ ಕೇಳೋಕೆ ಬರ್ತಿದಾರೆ. ಇನ್ನು ಈ ಕಡೆ ತಲೆ ಹಾಕ್ಬೇಡಿ."

ಅವನು ಹೋದ. ಅವಳು ಯಂತ್ರದ ಪೆಡಲು ಒತ್ತಿದಳು. ಯಾರದೋ ಲಂಗದ ಮೇಲೆ ಕಣ್ಣೀರು ಬೀಳುತ್ತಲೇ ಇತ್ತು. *ತಪ್ಪು ಅವನದ್ದೊಂದೇ ಅಲ್ಲ, ತಲೆ ಅಲ್ಲಾಡಿಸಿದ್ದು ನಾನೇ...*

* * *

ಶನಿವಾರ ಬಂತು. ಗಂಡಿನ ಕಡೆಯವರು ಬರುತ್ತಾರೆಂದರೆ ಏನು ಬೇಕು? ಸೋಫಾ ಬೇಕು!

ಮತ್ತೆ ಅದೇ ದಾರಿ. ಮುಂದಿನ ತುದಿ ಅಮ್ಮನ ತಲೆಯ ಮೇಲೆ, ಹಿಂದಿನದು ನಸಿಮಿಯುವಿನ ತಲೆಯ ಮೇಲೆ. ಪಕ್ಕದಲ್ಲಿ ದಿಂಬು ಹಿಡಿದ ನಾಂಜಾಲಾ. ಎಲ್ಲರಿಗಿಂತ ಮುಂದೆ ಕೈಬೀಸಿಕೊಂಡು ಚಿಕ್ಕಪ್ಪ.

"ಬೇಗ ಬನ್ನಿ, ಬೇಗ! ಅವರು ಬರೋ ಹೊತ್ತಾಯ್ತು!"

ನಸಿಮಿಯು ಅಳುತ್ತಿದ್ದಳು. ಸೋಫಾದ ಕೆಳಗೆ ಅವಳ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಒಂದು ರೀತಿಯಲ್ಲಿ ಅನುಕೂಲವೇ.

ತಿರುವಿನಲ್ಲಿ ಕಾರು ಬಂದು ನಿಂತಿತು. ಕಾಕಾಯಿ ಮೇಡಂ ಇಳಿದರು. ಹಿಂದೆ ಸಿತಾತಿ!

"ಏನಮ್ಮಾ ಇದು? ನಿಮ್ಮನೆ ಸೋಫಾ ಎಲ್ಲಿಗೆ ಹೊರಟಿದೆ?"

ಚಿಕ್ಕಪ್ಪ ಮಧ್ಯೆ ಬಾಯಿ ಹಾಕಿದ. "ರಿಪೇರಿಗೆ ಕೊಟ್ಟಿದ್ವಿ ಮೇಡಂ! ನಮ್ಮದೇ, ನಮ್ಮದೇ!"

*ಹೇಳಿಬಿಡಲಾ? ಹೇಳಿದರೆ ಅಮ್ಮನನ್ನು ನಡುಬೀದಿಯಲ್ಲಿ ನಿಲ್ಲಿಸಿದಂತೆ. ಹೇಳದಿದ್ದರೆ...* ನಸಿಮಿಯು ಸೋಫಾದ ಅಂಚನ್ನು ಬಿಗಿಯಾಗಿ ಹಿಡಿದಳು.

"ನಸಿಮಿಯು, ಇಳ್ಸು."

ಅಮ್ಮನ ದನಿ!

"ಅಮ್ಮಾ?"

"ಇಳ್ಸು ಅಂದೆ. ಇಲ್ಲೇ."

ಸೋಫಾ ದಾರಿಯ ನಡುವೆ ಇಳಿಯಿತು. ಅಮ್ಮ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗೆ ನಿಂತಳು.

"ಇದು ನಂದಲ್ಲ ಮೇಡಂ. ಅವತ್ತೂ ನಂದಾಗಿರ್ಲಿಲ್ಲ. ಆ ತಟ್ಟೆ, ಲೋಟ, ಬಿಳಿ ಬಟ್ಟೆ, ಯಾವ್ದೂ ನಂದಲ್ಲ. ಕೋಳಿ ಒಂದೇ ನಂದು. ಅದನ್ನ ನೀವು ತಿಂದ್ರಿ!"

"ಅತ್ತಿಗೆ! ಮಾನ ತೆಗೀಬೇಡ!" ಚಿಕ್ಕಪ್ಪ ಕಿರುಚಿದ.

"ಸುಮ್ನಿರು ನೀನು! ಇಷ್ಟು ದೂರ ನನ್ನ ಮಗಳು ಹಿಂದೆ ಅಳ್ತಾ ಬಂದ್ಳು. ಅವಳು ಬಿಕ್ಕಿದಾಗೆಲ್ಲ ಸೋಫಾ ಅಲ್ಲಾಡ್ತಿತ್ತು, ನನ್ನ ತಲೆಗೆ ತಿಳೀತಿತ್ತು. ನನ್ನ ಮಾನ ಉಳ್ಸೋಕೆ ಒಬ್ಬಳ ಓದು ಕಳೆದೆ. ಇನ್ನೊಬ್ಬಳ ಬಾಳೂ ಕಳೀಲಾ?"

ನಸಿಮಿಯು ಓಡಿ ಬಂದು ಅಮ್ಮನನ್ನು ತಬ್ಬಿಕೊಂಡಳು. ನಾಂಜಾಲಾ ದಿಂಬಿನಲ್ಲಿ ಮುಖ ಹುದುಗಿಸಿ ಜೋರಾಗಿ ಅತ್ತಳು. ಅಷ್ಟು ದಿನ ತಡೆದಿಟ್ಟಿದ್ದ ಅಳು ಅದು.

"ಮೊದಲೇ ಹೇಳೋಕೆ ಏನಾಗಿತ್ತಮ್ಮಾ?" ಮೇಡಂ ಮೆಲ್ಲಗೆ ಕೇಳಿದರು.

"ಮನೆಗೆ ಬಂದೋರ ಹತ್ರ ನಮಗೇನೂ ಇಲ್ಲ ಅಂತ ನಿಮ್ಮಮ್ಮ ಹೇಳ್ತಿದ್ರಾ?"

ಕಾಕಾಯಿ ಮೇಡಂ ದಾರಿಯ ನಡುವಿನ ಸೋಫಾದ ಕಡೆ ನೋಡಿದರು. "ಇಲ್ಲ. ನಮ್ಮಮ್ಮ ಪಕ್ಕದ ಮನೆಯಿಂದ ರೇಡಿಯೋ ತಂದಿಡ್ತಿದ್ರು." ಅವರಿಗೆ ನಗು ಬಂತು, ಕಣ್ಣೂ ತುಂಬಿತು. "ನಡೀರಿ, ನಿಮ್ಮ ಮನೆ ನೋಡೋಣ. ಇರೋ ಹಾಗೇ. ನಾನು ಚಾಪೆ ಮೇಲೆ ಕೂರ್ತೀನಿ. ನಾಂಜಾಲಾ, ಅಳು ಸಾಕು. ಹಾಸ್ಟೆಲ್ಲಿಗೆ ತಗಡಿನ ಪೆಟ್ಟಿಗೆ ಬೇಕಾಗುತ್ತೆ, ಯಾವ ಬಣ್ಣದ್ದು ಬೇಕು ಅಂತ ಯೋಚ್ನೆ ಮಾಡು."

"ಮೇಡಂ!!" ನಾಂಜಾಲಾಳ ಕೈಯಿಂದ ದಿಂಬು ಕೆಸರಿಗೆ ಬಿತ್ತು.

ಅಮ್ಮ ಮೈದುನನ ಕಡೆ ತಿರುಗಿದಳು. "ಹೋಗು, ಮುಲೋಂಗೋ ಕಡೆಯೋರನ್ನ ದಾರೀಲೇ ತಡೆದು ಮರ್ಯಾದೆಯಾಗಿ ಹೇಳು. ನಮ್ಮನೇಲಿ ಕೂರಿಸೋಕೆ ಸೋಫಾ ಇಲ್ಲ. ಕೊಡೋಕೆ ಹುಡುಗೀನೂ ಇಲ್ಲ."

ಚಿಕ್ಕಪ್ಪ ಗೊಣಗುತ್ತಾ ಹೋದ.

ನಸಿಮಿಯು ಆಗ ಸಿತಾತಿಯ ಕಡೆ ನೋಡಿದಳು. ಅವನು ದೂರ ನಿಂತಿದ್ದ, ತಪ್ಪು ಮಾಡಿದವನ ಹಾಗೆ.

"ಅವನ ಮೇಲೆ ಸಿಟ್ಟು ಮಾಡ್ಬೇಡಮ್ಮ," ಮೇಡಂ ಅಂದರು. "ಮನೆ ನೋಡಿ ಆರಿಸೋ ಕೆಲಸನೇ ಬಿಟ್ಬಿಟ್ಟ. 'ಆ ಮನೆ ವಿಷ್ಯ ನಾನು ಹೇಳಿದ್ರೆ ನೀವು ನಂಬ್ಬೇಡಿ ಮೇಡಂ, ನನ್ನ ಮನಸ್ಸು ಅಲ್ಲೇ ಇದೆ. ನೀವೇ ಒಂದ್ಸಲ ಮುಂಚೆ ಹೇಳದೆ ಹೋಗಿ ನೋಡಿ' ಅಂತ ಬೆಳಿಗ್ಗೆಯಿಂದ ನನ್ನ ಜೀವ ತಿಂದ."

ನಸಿಮಿಯುವಿನ ಕೆನ್ನೆ ಬಿಸಿಯಾಯಿತು. ಅಮ್ಮನ ಎದುರಿಗೇ ಹೇಳಿಬಿಟ್ಟರಲ್ಲ!

ಸಿತಾತಿ ಮುಂದೆ ಬಂದು ಅಮ್ಮನ ಕಡೆ ಕೈ ಚಾಚಿದ. "ಅಮ್ಮಾ, ಅವತ್ತು ನಾನು ಸುಮ್ನಿದ್ದದ್ದು ತಪ್ಪಾಯ್ತು..."

ಅಮ್ಮ ತಟ್ಟನೆ ಹಿಂದೆ ಸರಿದಳು. ತಲೆಯ ಮೇಲೆ ಬಟ್ಟೆ ಎಳೆದುಕೊಂಡಳು. ಅವನತ್ತ ಒಂದು ಸಲವೂ ನೋಡದೆ, ಜೋಳದ ಹೊಲದೊಳಗೆ ಇಳಿದು ಸುತ್ತುದಾರಿಯಲ್ಲಿ ಮನೆ ಕಡೆ ನಡೆದಳು. ಮೇಡಂ ನಗುತ್ತಾ ನಾಂಜಾಲಾಳ ಹೆಗಲ ಮೇಲೆ ಕೈಯಿಟ್ಟು ಹಿಂದೆಯೇ ಹೋದರು.

ಸಿತಾತಿಯ ಕೈ ಗಾಳಿಯಲ್ಲೇ ಉಳಿಯಿತು. ಅವನ ಮುಖ ಬಾಡಿತು.

"ಇನ್ನೂ ಕೋಪ ಹೋಗಿಲ್ಲ. ಅವತ್ತು ಎರಡೂ ಕೈಯಲ್ಲಿ ಹಿಡ್ಕೊಂಡಿದ್ರು..."

ನಸಿಮಿಯು ಅಳುತ್ತಲೇ ನಕ್ಕಳು. "ನೀವು ಈ ಕಡೆಯವರೇ ತಾನೆ?"

"ಹೂಂ... ಯಾಕೆ?"

"ನಮ್ಮ ಅಮ್ಮಂದಿರು ಯಾರ ಕೈ ಮುಟ್ಟಲ್ಲ? ಯಾರನ್ನ ಕಂಡ್ರೆ ಹೊಲಕ್ಕೆ ಇಳೀತಾರೆ? ಸ್ವಲ್ಪ ಯೋಚ್ನೆ ಮಾಡಿ ದಡ್ಡರೇ!"

ಸಿತಾತಿ ಹೊಲದ ಕಡೆ ನೋಡಿದ. ಅವಳ ಕಡೆ ನೋಡಿದ. ನಿಧಾನವಾಗಿ ಅವನ ಕಣ್ಣು ಅಗಲವಾಯಿತು.

"ಅಂದ್ರೆ... ಅಮ್ಮ... ನನ್ನನ್ನ..."

"ಹೂಂ."

"ಮತ್ತೆ ನೀವು?"

ಅವಳು ಅವನ ಅಂಗಿಯ ತೋಳು ಹಿಡಿದು ನೋಡಿದಳು. ಅಲ್ಲೂ ಒಂದು ಗುಂಡಿ ಇರಲಿಲ್ಲ. "ಇದನ್ನೆಲ್ಲ ಹೊಲಿಯೋಕೆ ಒಬ್ಬಳು ಬೇಕಲ್ಲ ಮನೇಲಿ."

ಅವನು ಅವಳ ಕೈ ಹಿಡಿದುಕೊಂಡ. "ನಮ್ಮ ಕಡೆಯೋರನ್ನ ಯಾವಾಗ ಕರ್ಕೊಂಡು ಬರ್ಲಿ?"

"ಮುಂಚೆ ಹೇಳಿ ಬನ್ನಿ. ಸೋಫಾ ತರ್ಬೇಕು!"

"ಹೇಗೂ ಇವತ್ತು ಇದನ್ನ ಮೇಷ್ಟ್ರ ಮನೆಗೆ ವಾಪಸ್ ಕೊಡ್ಬೇಕಲ್ಲ. ಅಭ್ಯಾಸ ಆಗ್ಲಿ. ಮುಂದಿನ ತುದಿ ನಂದು, ಹಿಂದಿನದು ನಿಂದು."

ಮೊದಲ ಸಲ ಅವನು 'ನೀನು' ಅಂದಿದ್ದ. ಅವಳು ಕಣ್ಣೊರೆಸಿಕೊಂಡಳು. ಇಬ್ಬರೂ ಬಗ್ಗಿ ಸೋಫಾ ಎತ್ತಿ ತಲೆಯ ಮೇಲಿಟ್ಟುಕೊಂಡರು.

"ಭಾರ ಆದ್ರೆ ಹೇಳು."

"ಹೇಳಲ್ಲ. ನಿಮಗೇ ತಿಳೀಬೇಕು."

"ತಿಳಿಯುತ್ತೆ. ಈಗ ಅಲ್ಲಾಡ್ತಿದೆ... ಯಾಕೆ ಅಳ್ತಿದೀಯ ಮತ್ತೆ?"

"ಅಳ್ತಿಲ್ಲ ರೀ," ಅಂದಳು ನಸಿಮಿಯು, "ನಗ್ತಿದೀನಿ."