ರಾಯರನ್ನು ನೋಡಲು ಬಂದ ಅಮ್ಮಣ್ಣಿ

"ಬಾಗಿಲು ತೆಗೀರಿ ಡಾಕ್ಟ್ರೇ. ಅಮ್ಮಣ್ಣಿನೂ ಒಂದ್ಸಲ ನೋಡ್ಲಿ," ಎಂದಳು ಅಮ್ಮ.

ಗುಬ್ಬಿ ಸ್ಕೂಲ್ ಬ್ಯಾಗನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳು ಬರುತ್ತಿದ್ದುದು ಇಲ್ಲಿಗೇ, ಅಮ್ಮ ಕೆಲಸ ಮಾಡುವ ಝೂಗೆ. ಗೊರಿಲ್ಲಾಗಳನ್ನು ನೋಡಿಕೊಳ್ಳುವುದು ಅಮ್ಮನ ಕೆಲಸ.

ಗಾಜಿನಾಚೆ, ಒಣಹುಲ್ಲಿನ ಮೇಲೆ ರಾಯರು ಮಲಗಿದ್ದರು. ಆ ದೊಡ್ಡ ಗಂಡು ಗೊರಿಲ್ಲಾಗೆ ರಾಯರು ಎಂದು ಹೆಸರಿಟ್ಟವಳು ಗುಬ್ಬಿಯೇ. ಅದರ ಗತ್ತು ಹಾಗಿತ್ತು! ಆದರೆ ರಾಯರಿಗೆ ಹೃದಯದ ಕಾಯಿಲೆ. ಅಮ್ಮ ಬಾಳೆಹಣ್ಣಿನೊಳಗೆ ಮಾತ್ರೆ ಬಚ್ಚಿಟ್ಟು ತಿನ್ನಿಸುತ್ತಿದ್ದಳು. "ಎದೆ ತೋರ್ಸಿ ರಾಯರೇ," ಎಂದರೆ ಸಾಕು, ಜಾಲರಿಗೆ ಎದೆಯೊತ್ತಿ ನಿಲ್ಲುತ್ತಿದ್ದರು. ಡಾಕ್ಟರು ಸ್ಕ್ಯಾನ್ ಮಾಡುತ್ತಿದ್ದರು. ಏನು ಮಾಡಿದರೇನು? ಇವತ್ತು ಬೆಳಿಗ್ಗೆ ರಾಯರು ಏಳಲೇ ಇಲ್ಲ. ಅವರ ಜೊತೆಗಿದ್ದ ಹೆಣ್ಣು ಗೊರಿಲ್ಲಾ ಅಮ್ಮಣ್ಣಿ ಪಕ್ಕದ ಕೋಣೆಯಲ್ಲಿದ್ದಳು.

ಡಾಕ್ಟರು ಹಿಂಜರಿದರು. "ಅಮ್ಮಣ್ಣಿ ಗಾಬರಿಯಾದ್ರೆ?"

"ನೋಡ್ದೇ ಇದ್ರೆ ದಿನಾ ಹುಡುಕ್ತಾಳೆ. ಏನಾಯ್ತು ಅಂತ ಅವಳಿಗೂ ಗೊತ್ತಾಗ್ಬೇಕಲ್ಲ ಡಾಕ್ಟ್ರೇ."

ಬಾಗಿಲು ಸರಿಯಿತು. ಅಮ್ಮಣ್ಣಿ ಒಳಗೆ ಬಂದಳು. ರಾಯರ ಮುಖ ಮೂಸಿದಳು. ಕೈಬೆರಳು ಹಿಡಿದು ಎಳೆದಳು. ಕೈ ದೊಪ್ಪನೆ ಬಿತ್ತು. ಮತ್ತೆ ಎಳೆದಳು. ಆಮೇಲೆ ಪಕ್ಕದಲ್ಲೇ ಕುಳಿತು ಅವರ ಬೆನ್ನಿನ ಕೂದಲನ್ನು ಮೆಲ್ಲಗೆ ಬಿಡಿಸತೊಡಗಿದಳು. ಬಹಳ ಹೊತ್ತಿನ ಮೇಲೆ ತಾನಾಗಿಯೇ ಎದ್ದು ಹೊರಟುಹೋದಳು.

ಗುಬ್ಬಿ ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ತಾತ ಹೋದಾಗ ನನ್ನನ್ನ ಯಾಕೆ ಅತ್ತೆ ಮನೆಗೆ ಕಳಿಸ್ದೆ?"

ಅಮ್ಮ ಬೆಚ್ಚಿದಳು. ತಾತನಿಗೂ ಇದೇ ಕಾಯಿಲೆ ಇತ್ತು. "ನೀನು ಚಿಕ್ಕೋಳು, ಹೆದರ್ಕೋತೀಯ ಅಂತ..."

"ವಾಪಸ್ ಬಂದ್ರೆ ಮಂಚ ಖಾಲಿ. ತಾತನ ಶರ್ಟುಗಳೂ ಇರ್ಲಿಲ್ಲ. ಎಲ್ಲಿ ಅಂತ ಕೇಳಿದ್ರೆ, ಸುಮ್ನೆ ಊಟ ಮಾಡು ಅಂದೆ. ನಾನು ಈಗ್ಲೂ ಸ್ಕೂಲಿಂದ ಬಂದ ತಕ್ಷಣ ತಾತ ಇದಾರಾ ಅಂತ ಬಾತ್‌ರೂಮ್ ಬಾಗಿಲು ತೆಗೆದು ನೋಡ್ತೀನಿ."

ಅಮ್ಮ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಸಿದು ಕುಳಿತಳು. "ಹೇಳೋಕೆ ನನ್ನ ಕೈಲಿ ಆಗ್ಲಿಲ್ಲ ಕಣೇ."

"ತಾತನ ಮುಖ ಹೇಗಿತ್ತು?"

ಅಮ್ಮ ಗಾಜಿನಾಚೆ ಮಲಗಿದ್ದ ರಾಯರ ಕಡೆ ನೋಡಿದಳು.

"ಕನ್ನಡಕ ಹಾಕ್ಕೊಂಡೇ ಮಲಗಿದ್ರು. ಬಾಯಿ ಸ್ವಲ್ಪ ತೆರೆದಿತ್ತು. ಗೊರಕೆ ಹೊಡೆಯೋವಾಗ ಇರ್ತಿತ್ತಲ್ಲ, ಹಾಗೆ. ಕಾಲು ತಣ್ಣಗಿತ್ತು. ನಾನು... ಸಾಕ್ಸ್ ಹಾಕ್ದೆ." ಅಷ್ಟು ಹೇಳಿ ಅಮ್ಮ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಅಮ್ಮ ಅಳುವುದನ್ನು ಗುಬ್ಬಿ ನೋಡಿದ್ದು ಇದೇ ಮೊದಲು. ಆವತ್ತು ಹೆದರಿಕೊಂಡಿದ್ದವಳು ಅಮ್ಮ ಎಂದು ಅವಳಿಗೆ ಹೊಳೆಯಿತು.

ಬ್ಯಾಗನ್ನು ಕೆಳಗಿಟ್ಟು, ಅಮ್ಮನಿಗೆ ಒತ್ತಿಕೊಂಡು ನಿಂತಳು.

"ಯಾವ ಸಾಕ್ಸ್ ಅಮ್ಮಾ?"

"ಬ್ರೌನ್ ಕಲರ್ದು. ಹೆಬ್ಬೆರಳ ಹತ್ರ ತೂತಿತ್ತಲ್ಲ, ಅದು."

"ಅದೇ ಸರಿ," ಎಂದಳು ಗುಬ್ಬಿ. "ಹೊಸದು ಹಾಕಿದ್ರೆ ತಾತ ಬೈತಿದ್ರು."